ಮೊದಲು ನೆಲ, ಆಮೇಲೆ ನೀರು

"ಇಲ್ಲಿಂದ ಇಲ್ಲಿಗೆ ರಸ್ತೆಯೇ ಇಲ್ಲವಲ್ಲೇ ಮಾರಾಯ್ತಿ!"

ಅಪ್ಪಯ್ಯನ ತೋರುಬೆರಳು ಆಂಕರೇಜಿನಿಂದ ಹೊರಟು ಪೂರ್ವಕ್ಕೆ ತಿರುಗಿ, ನಕ್ಷೆಯಲ್ಲಿ ಬಿಳಿ ಬಳಿದ ಹಿಮನದಿಗಳ ನಡುವೆ ದಾರಿ ಸಿಗದೆ ಜೂನೋ ಊರಿನ ಈಚೆಗೇ ನಿಂತುಬಿಟ್ಟಿದೆ. ಜೂನೋ ಅಲಾಸ್ಕಾದ ರಾಜಧಾನಿ. ಆದರೂ ಹೊರಗಿನಿಂದ ಅಲ್ಲಿಗೆ ಕಾರು ಓಡಿಸಿಕೊಂಡು ಹೋಗಲು ಬರುವುದಿಲ್ಲ. ವಿಮಾನದಲ್ಲಿ ಇಳಿಯಬೇಕು, ಇಲ್ಲವೇ ನೀರಿನ ಮೇಲೆ ಬರಬೇಕು.

ಅಮೆರಿಕದ ಫ್ರೀಮಾಂಟಿನ ನಮ್ಮ ಊಟದ ಮೇಜಿನ ಮೇಲೆ ನಕ್ಷೆ ಹರಡಿದೆ. ಮಡಿಕೆ ಬಿಚ್ಚಿದ ಕಾಗದ ಸುಮ್ಮನೆ ಮಲಗುವುದಿಲ್ಲ, ನಾಲ್ಕು ಮೂಲೆಗೂ ಭಾರ ಬೇಕು. ಒಂದಕ್ಕೆ ಚಟ್ನಿಪುಡಿ ಡಬ್ಬಿ, ಒಂದಕ್ಕೆ ಅಪ್ಪಯ್ಯನ ಕನ್ನಡಕದ ಪೆಟ್ಟಿಗೆ, ಇನ್ನೊಂದಕ್ಕೆ ಮಗಳ ನೀರಿನ ಬಾಟಲಿ, ನಾಲ್ಕನೆಯದಕ್ಕೆ ಅಮ್ಮನ ಮೊಣಕೈ. ಮಾರ್ಚ್ ತಿಂಗಳ ಕೊನೆಯ ಶನಿವಾರ ರಾತ್ರಿ. ಅಡಕೆ ಕೊಯ್ಲು, ಸುಲಿತ ಎಲ್ಲ ಮುಗಿಸಿ ತೀರ್ಥಹಳ್ಳಿ ಕಡೆಯಿಂದ ಬಂದ ಇಬ್ಬರಿಗೂ ಇಲ್ಲಿಯ ಹಗಲು ರಾತ್ರಿ ಈಗಷ್ಟೇ ಒಗ್ಗಿದೆ. ಮಕ್ಕಳ ಶಾಲೆ ಮುಗಿಯುವುದು ಜೂನ್‌ನಲ್ಲಿ. ತೋಟಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಸುವುದು ಜುಲೈ ನಡುವಿಗೆ, ಅಷ್ಟರಲ್ಲಿ ತಾನು ಊರಲ್ಲಿರಬೇಕು ಎಂಬುದು ಅಪ್ಪಯ್ಯನ ಷರತ್ತು. ಕೊಳೆರೋಗ ಯಾರ ಪ್ರವಾಸಕ್ಕೂ ಕಾಯುವುದಿಲ್ಲವಂತೆ. ಶಾಲೆಗೂ ಬೋರ್ಡೋಗೂ ನಡುವೆ ಉಳಿದ ಜಾಗದಲ್ಲಿ ಅಲಾಸ್ಕಾ ಹಿಡಿಸಬೇಕು.

ಅಪ್ಪಯ್ಯನ ಬೆರಳು ನಿಂತ ಜಾಗದಲ್ಲೇ ಈ ಪ್ರವಾಸದ ಲೆಕ್ಕವೆಲ್ಲ ಇದೆ. ಅಲಾಸ್ಕಾದಲ್ಲಿರುವುದು ಎರಡು ನಾಡು. ಒಂದು ಒಳನಾಡು: ಡೆನಾಲಿ ಶಿಖರ, ಮರವೇ ಇಲ್ಲದ ಟಂಡ್ರಾ ಬಯಲು, ಕರಡಿ, ಕ್ಯಾರಿಬೂ. ಅಲ್ಲಿಗೆ ರಸ್ತೆಯಿದೆ, ರೈಲಿದೆ, ಹಡಗು ಹೋಗದು. ಇನ್ನೊಂದು ಕೆನಡಾದ ಮಗ್ಗುಲಿಗೆ ಅಂಟಿಕೊಂಡು ದಕ್ಷಿಣಕ್ಕೆ ಇಳಿಯುವ ಕರಾವಳಿ: ದ್ವೀಪಗಳು, ಬೆಟ್ಟಗಳ ಸಂದಿಗೆ ನುಗ್ಗಿದ ಕಡಲು, ನೀರಿನ ತನಕ ಇಳಿದುಬರುವ ಹಿಮನದಿಗಳು. ಅಲ್ಲಿಯ ಹೆಚ್ಚಿನ ಊರುಗಳಿಗೆ ಹಡಗಿದೆ, ರಸ್ತೆಯಿಲ್ಲ. ಬರೀ ಹಡಗು ಹತ್ತಿ ಬಂದವರು ಅಲಾಸ್ಕಾ ನೋಡಿದೆ ಎನ್ನುವುದು ಪಣಂಬೂರಿನ ಬಂದರು ನೋಡಿ ಮಲೆನಾಡು ಸುತ್ತಿದೆ ಎಂದ ಹಾಗೆ.

"ಹಂಗಾರೆ ಎರಡೂ ನೋಡುವ. ಅದಕ್ಕೆಂತ?" ಎನ್ನುತ್ತಾರೆ ಅಮ್ಮ. ನೆಲಗಡಲೆ ಸಿಪ್ಪೆ ಬಿಡಿಸುತ್ತಿದ್ದಾರೆ. ಸಿಪ್ಪೆಯೆಲ್ಲ ಬೆರಿಂಗ್ ಸಮುದ್ರಕ್ಕೆ ಬೀಳುತ್ತಿದೆ.

ನಮ್ಮನೆಯವರು ಲ್ಯಾಪ್‌ಟಾಪ್ ತಿರುಗಿಸಿ ತೋರಿಸುತ್ತಾರೆ. ಎಲ್ಲಕ್ಕಿಂತ ಅಗ್ಗದ್ದು ಸಿಯಾಟಲ್‌ನಲ್ಲಿ ಹತ್ತಿ ಸಿಯಾಟಲ್‌ನಲ್ಲೇ ಇಳಿಯುವ ಏಳು ರಾತ್ರಿಯ ಹಡಗು. "ಇದನ್ನೇ ತಗೊಂಡು, ಆಮೇಲೆ ವಿಮಾನದಲ್ಲಿ ಆಂಕರೇಜಿಗೆ ಹೋದರಾಯ್ತಲ್ಲ? ಕೆನಡಾ ರಗಳೆಯೇ ಬೇಡ."

ರಗಳೆ ಅಲ್ಲೂ ಇದೆ. ಆ ಹಡಗಿನ ವೇಳಾಪಟ್ಟಿಯನ್ನು ಕೆಳಗೆಳೆದರೆ ಕೊನೆಯ ಸಂಜೆ ವಿಕ್ಟೋರಿಯಾ ಎಂದಿದೆ. ವಿಕ್ಟೋರಿಯಾ ಕೆನಡಾದ ಊರು. ಇದು ಯಾತ್ರಿಕರಿಗೆ ಹೂದೋಟ ತೋರಿಸುವ ಆಸೆಯಿಂದ ಹಾಕಿದ ನಿಲುಗಡೆಯಲ್ಲ, 1886ರ ಒಂದು ಕಾನೂನಿನ ಕಟ್ಟು. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಬೇರೆ ದೇಶ ಮುಟ್ಟದೆ ಅಮೆರಿಕದಲ್ಲೇ ಸುತ್ತಾಡಿಸಿ ಇಳಿಸಕೂಡದು. ಸ್ವದೇಶಿ ಹಡಗಿನವರ ಹೊಟ್ಟೆಪಾಡು ಕಾಯಲು ಮಾಡಿದ್ದು. ಇವತ್ತಿನ ದೊಡ್ಡ ಪ್ರವಾಸಿ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಬರ್ಮುಡಾದಂಥ ಕಡೆ ನೋಂದಾಯಿಸಿದವು. ಹೀಗಾಗಿ ಸಿಯಾಟಲ್‌ನಿಂದ ಹೊರಟವು ವಿಕ್ಟೋರಿಯಾದಲ್ಲೋ ಇನ್ನೊಂದು ಕೆನಡಾದ ಬಂದರಿನಲ್ಲೋ ಹಾಜರಿ ಹಾಕಿ ಬರುತ್ತವೆ. ಒಂದು ದಿಕ್ಕಿಗೆ ಮಾತ್ರ ಹೋಗುವ ದೊಡ್ಡ ಹಡಗುಗಳ ಒಂದು ತುದಿ ಕೆನಡಾದ ವ್ಯಾಂಕೂವರ್, ಇನ್ನೊಂದು ತುದಿ ಆಂಕರೇಜಿನ ಹತ್ತಿರದ ವಿಟ್ಟಿಯರ್ ಅಥವಾ ಸೆವಾರ್ಡ್. ನೆಲವನ್ನೂ ನೀರನ್ನೂ ಒಂದೇ ಎಳೆಯಲ್ಲಿ ಪೋಣಿಸಬೇಕೆಂದರೆ ಈ ಏಕಮುಖದ ಹಡಗೇ ಸರಿ. ಹೇಗೆ ತಿರುಗಿಸಿದರೂ ಕೆನಡಾ ತಪ್ಪುವುದಿಲ್ಲ. ಮಕ್ಕಳದು ಅಮೆರಿಕದ ಪಾಸ್‌ಪೋರ್ಟು, ನಮ್ಮಿಬ್ಬರಿಗೆ ಗ್ರೀನ್ ಕಾರ್ಡು, ನಮಗೆ ಕೆನಡಾ ವೀಸಾ ಬೇಕಿಲ್ಲ. ಭಾರತದ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಅಂಟಿಸಿಕೊಂಡು ಬಂದ ಅಪ್ಪಯ್ಯ, ಅಮ್ಮನಿಗೆ ಬೇಕು.

ಎಲ್ಲರೂ ಬೆಲೆಪಟ್ಟಿಯಿಂದ ಶುರುಮಾಡುತ್ತಾರೆ. ಹಿರಿಯರನ್ನು ಕರೆದುಕೊಂಡು ಹೋಗುವವರು ಪಾಸ್‌ಪೋರ್ಟಿನಿಂದ ಶುರುಮಾಡಬೇಕು ಎನ್ನುವುದು ನನ್ನ ಹಟ. ಅಗ್ಗದ ಟಿಕೆಟ್ ನಾಳೆಯೂ ಸಿಗುತ್ತದೆ.

ಈಗ ಮೇಜಿನ ಮೇಲೆ ನಿಜವಾದ ಜಗಳ: ಮೊದಲು ಹಡಗೋ, ಮೊದಲು ನೆಲವೋ?

ಮಗನಿಗೆ ಮೊದಲು ಹಡಗು ಬೇಕು. ಅವನ ಸ್ನೇಹಿತ ಹಾಗೆಯೇ ಹೋಗಿದ್ದನಂತೆ, ವ್ಯಾಂಕೂವರ್‌ನಲ್ಲಿ ಹತ್ತಿ ಉತ್ತರಕ್ಕೆ. ಕೊನೆಗೆ ಡೆನಾಲಿ ಬಂದರೆ ಸಿನಿಮಾದ ಕ್ಲೈಮ್ಯಾಕ್ಸ್ ಇದ್ದಂತೆ ಇರುತ್ತದೆ ಎನ್ನುತ್ತಾನೆ. ಉತ್ತರಮುಖಿಗಳ ವಾದವೆಲ್ಲ ಇಷ್ಟೇ, ದೊಡ್ಡದನ್ನು ಕೊನೆಗಿಡು ಎಂಬುದು. ಆದರೆ ನೆಲದ ಪ್ರವಾಸ ಅಂದರೆ ಏನು? ಬೆಳಿಗ್ಗೆ ಬೇಗ ಏಳು, ಸೂಟ್‌ಕೇಸ್ ಮುಚ್ಚು, ಗಂಟೆಗಟ್ಟಲೆ ಕೂರು, ಹೊಸ ಕೋಣೆಯಲ್ಲಿ ಬಚ್ಚಲಿನ ನಲ್ಲಿ ಯಾವ ಕಡೆ ತಿರುಗುತ್ತದೆಂದು ನೋಡು, ಮತ್ತೆ ಸೂಟ್‌ಕೇಸ್ ಬಿಚ್ಚು. ಹಡಗಿನಲ್ಲಿ ಒಮ್ಮೆ ಬಟ್ಟೆ ಕಪಾಟಿಗೆ ಹಾಕಿದರೆ ಮುಗಿಯಿತು, ಊರುಗಳೇ ಕಿಟಕಿಯ ಹತ್ತಿರ ಬರುತ್ತವೆ. ಕಷ್ಟದ್ದನ್ನು ಮೈಯಲ್ಲಿ ಶಕ್ತಿಯಿರುವಾಗ ಮುಗಿಸಿ ಆಮೇಲೆ ಕಾಲು ಚಾಚಬೇಕು. ಅಮ್ಮನ ಎಡ ಮಂಡಿಗೆ ಓಟು ಕೊಟ್ಟರೆ ಅದೂ ಇದನ್ನೇ ಹೇಳುತ್ತದೆ.

"ಮಂಡಿಯ ಮಾತು ನೀನೆಂತಕ್ಕೆ ಆಡ್ತೀಯ? ಅದು ಸರಿ ಇದೆ" ಎಂದು ಅಮ್ಮ ಏಳುತ್ತಾರೆ. ಏಳುವಾಗ ಮೇಜಿನ ಅಂಚು ಹಿಡಿಯುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ನಕ್ಷೆಯ ನಾಲ್ಕನೇ ಮೂಲೆ ಸುರುಳಿ ಸುತ್ತಿಕೊಂಡು ಮೇಲೇಳುತ್ತದೆ.

ಮೊದಲು ನೆಲ ಎಂದಾಯಿತು. ಇದರಲ್ಲಿ ಅಪಾಯವೊಂದಿದೆ, ಅದನ್ನು ಮುಚ್ಚಿಡಬಾರದು. ಹಡಗಿನಿಂದ ಇಳಿದ ಮೇಲೆ ನೆಲದಲ್ಲಿ ತಡವಾದರೆ ಒಂದು ರಾತ್ರಿಯ ಕೋಣೆ ನಷ್ಟ. ನೆಲದಲ್ಲಿ ತಡವಾಗಿ ಹಡಗು ತಪ್ಪಿದರೆ ಎಲ್ಲವೂ ನಷ್ಟ. ಆದ್ದರಿಂದ ಹಡಗು ಹತ್ತುವ ಹಿಂದಿನ ರಾತ್ರಿ ಆಂಕರೇಜಿನಲ್ಲೇ ಇರಬೇಕೆಂದು ನಮ್ಮನೆಯವರು ಎಕ್ಸೆಲ್ ಹಾಳೆಯಲ್ಲಿ ಕೆಂಪು ಬಣ್ಣ ತುಂಬುತ್ತಾರೆ.

ಹಡಗಿನ ಕಂಪನಿಗಳೇ ನೆಲದ ಪ್ರವಾಸವನ್ನೂ ಜೋಡಿಸಿ ಮಾರುತ್ತವೆ. ಪ್ರಿನ್ಸೆಸ್, ಹಾಲೆಂಡ್ ಅಮೆರಿಕ ಇಬ್ಬರಿಗೂ ಡೆನಾಲಿಯ ಬಾಗಿಲಲ್ಲಿ ಸ್ವಂತ ವಸತಿಗಳಿವೆ, ಗಾಜಿನ ಚಾವಣಿಯ ರೈಲು ಡಬ್ಬಿಗಳಿವೆ. ಪೆಟ್ಟಿಗೆಯನ್ನು ಒಂದು ಕಡೆ ಕೊಟ್ಟರೆ ಇನ್ನೊಂದು ಕಡೆ ಕೋಣೆಯ ಮುಂದೆ ಸಿಗುತ್ತದೆ. ಇಡೀ ದಿನ ಹೀಗೆ ನಕ್ಷೆ ಹರಡಿ ಕೂರುವ ಪುರುಸೊತ್ತಿಲ್ಲದವರಿಗೆ ಅದು ಒಳ್ಳೆಯದೇ. ನಮ್ಮಲ್ಲಿ ಅದು ಬಿದ್ದುಹೋಗುವುದು ಒಂದೇ ಪ್ರಶ್ನೆಗೆ.

"ಅಲ್ಲಿ ಒಲೆ ಇರ್ತದಾ?" ಅಮ್ಮನ ಪ್ರಶ್ನೆ.

ವಸತಿಗೃಹದಲ್ಲಿ ಒಲೆ ಇರುವುದಿಲ್ಲ. ಡೆನಾಲಿ ರಾಷ್ಟ್ರೀಯ ಉದ್ಯಾನದ ಬಾಗಿಲಿನಿಂದ ಉತ್ತರಕ್ಕೆ ಹತ್ತು ಹನ್ನೊಂದು ಮೈಲಿ ಹೋದರೆ ಹೀಲಿ ಎಂಬ ಸಣ್ಣ ಊರು. ಅಲ್ಲಿ ಅಡುಗೆಮನೆ ಇರುವ ಮರದ ಮನೆಗಳು ಬಾಡಿಗೆಗೆ ಸಿಗುತ್ತವೆ. ಪರದೆಯ ಮೇಲಿನ ಚಿತ್ರಗಳನ್ನು ಅಮ್ಮ ಒಂದೊಂದಾಗಿ ನೋಡುತ್ತಾರೆ. ಮಂಚ, ಮಾಡು, ಬಾಗಿಲ ಮೇಲೆ ಮೂಸ್ ಜಿಂಕೆಯ ಕೊಂಬು ಯಾವುದೂ ಬೇಡ. ಸಿಂಕಿನ ಪಕ್ಕ ಪಾತ್ರೆ ಕವುಚಿಡಲು ಜಾಗ ಎಷ್ಟಿದೆ ಎಂದು ಚಿತ್ರ ದೊಡ್ಡದು ಮಾಡಿಸುತ್ತಾರೆ. "ಸಾಕು. ಸಣ್ಣ ಕುಕ್ಕರ್ ತಗೊಂಡು ಹೋಗುವ." ನೆಲದ ಭಾಗ ಹಾಗೆ ನಮ್ಮದೇ ಏರ್ಪಾಡಾಗುತ್ತದೆ. ಆಂಕರೇಜಿನಲ್ಲಿ ಏಳು ಸೀಟಿನ ವ್ಯಾನ್ ಹಿಡಿದು ಪಾರ್ಕ್ಸ್ ಹೆದ್ದಾರಿಯಲ್ಲಿ ಸುಮಾರು 240 ಮೈಲಿ ಉತ್ತರಕ್ಕೆ, ನಡುವೆ ಟಾಕೀಟ್ನಾದಲ್ಲಿ ಒಂದು ರಾತ್ರಿ.

"ರೈಲು ಬಿಟ್ಟುಹೋಯ್ತಲ್ಲ" ಎಂದು ಅಪ್ಪಯ್ಯ ಮುಖ ಸಣ್ಣಗೆ ಮಾಡುತ್ತಾರೆ. ಆಂಕರೇಜಿನಿಂದ ಫೇರ್‌ಬ್ಯಾಂಕ್ಸ್‌ವರೆಗಿನ 356 ಮೈಲಿಯ ಹಳಿಯನ್ನು ಅವರು ಆಗಲೇ ಯೂಟ್ಯೂಬಿನಲ್ಲಿ ಒಮ್ಮೆ ಮುಗಿಸಿದ್ದಾರೆ. ಅವರಿಗೆ ಬದಲಿ ರೈಲು ಹುಡುಕಿ ಇಟ್ಟಿದ್ದೇನೆ. ವ್ಯಾನ್ ಹಿಂದಿರುಗಿಸಿದ ಮೇಲೆ ಆಂಕರೇಜಿನಿಂದ ವಿಟ್ಟಿಯರ್ ಬಂದರಿಗೆ ಹೋಗುವುದು ರೈಲಿನಲ್ಲೇ. ಕೊನೆಗೆ ಎರಡೂವರೆ ಮೈಲಿಯ ಸುರಂಗ, ಇರುವುದು ಒಂದೇ ಓಣಿ. ರೈಲಿಗೂ ಕಾರಿಗೂ ಅದೇ ದಾರಿ, ಸರದಿಯಲ್ಲಿ ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ಬಿಡುತ್ತಾರೆ. 2000ನೇ ಇಸವಿಯವರೆಗೆ ಅಲ್ಲಿ ರೈಲಿಗೆ ಮಾತ್ರ ಪ್ರವೇಶವಿತ್ತು. ಆಚೆ ದಡದ ವಿಟ್ಟಿಯರ್‌ನಲ್ಲಿ ಊರಿನವರು ಹೆಚ್ಚುಕಡಿಮೆ ಎಲ್ಲರೂ ಒಂದೇ ಕಟ್ಟಡದಲ್ಲಿ ವಾಸ. ಇದನ್ನು ಕೇಳಿ ಅಪ್ಪಯ್ಯನ ಮುಖ ಮತ್ತೆ ಅಗಲವಾಗುತ್ತದೆ. "ಒಂದೇ ಕಟ್ಟಡವಾ? ಅಲ್ಲಿ ಪಂಚಾಯ್ತಿ ಚುನಾವಣೆ ಹೆಂಗೆ?"

ಹೀಲಿಯಲ್ಲಿ ಎಷ್ಟು ರಾತ್ರಿ ಎಂಬಲ್ಲಿ ನಾನು ಬಗ್ಗುವುದಿಲ್ಲ, ಕನಿಷ್ಠ ಮೂರು ಬೇಕು. ಡೆನಾಲಿ 20,310 ಅಡಿಯ ಶಿಖರ, ಉತ್ತರ ಅಮೆರಿಕದಲ್ಲೇ ಎತ್ತರದ್ದು. ಆದರೆ ತನ್ನ ಮೋಡವನ್ನು ತಾನೇ ಹೆಣೆದು ಹೊದ್ದುಕೊಳ್ಳುತ್ತದೆ. ಬೇಸಿಗೆಯಲ್ಲಿ ಹೋದವರಲ್ಲಿ ಮೂವರಿಗೆ ಒಬ್ಬರಿಗಷ್ಟೇ ಕಾಣುತ್ತದೆ ಎಂಬುದು ಅಲ್ಲಿ ಎಲ್ಲರ ಬಾಯಲ್ಲೂ ಇರುವ ಲೆಕ್ಕ. ಜೋಡಿಸಿ ಮಾರುವ ಎಷ್ಟೋ ಪ್ರವಾಸಗಳಲ್ಲಿ ಅಲ್ಲಿ ಇರಿಸುವುದು ಒಂದೋ ಎರಡೋ ರಾತ್ರಿ. ಇನ್ನೊಂದು ರಾತ್ರಿಗೆ ಕೊಟ್ಟ ಬಾಡಿಗೆ ಮೋಡ ಸರಿಯಲೆಂದು ಕಟ್ಟುವ ಕಾಣಿಕೆ. ದೇವರು ಒಲಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಉದ್ಯಾನದ ಒಳಗೆ 92 ಮೈಲಿಯ ಒಂದೇ ರಸ್ತೆ. ಸ್ವಂತ ವಾಹನಕ್ಕೆ ಮೊದಲ 15 ಮೈಲಿ ಮಾತ್ರ, ಮುಂದೆ ಅವರದೇ ಬಸ್ಸು. 2021ರ ಆಗಸ್ಟಿನಲ್ಲಿ ಪ್ರೆಟಿ ರಾಕ್ಸ್ ಎಂಬಲ್ಲಿ ಗುಡ್ಡ ಜಾರಿದ ಮೇಲೆ ಬಸ್ಸು 43ನೇ ಮೈಲಿಯಿಂದ ಹಿಂದಿರುಗುತ್ತದೆ, ಜಾರಿದ ಕಡೆ ಸೇತುವೆ ಕಟ್ಟುವ ಕೆಲಸ ನಡೆದಿದೆ. ಗುಡ್ಡದ ಒಳಗೆ ಹೆಪ್ಪುಗಟ್ಟಿದ್ದ ನೆಲ ಕರಗಿ ರಸ್ತೆಯನ್ನು ಎಳೆದುಕೊಂಡು ಹೋಯಿತು ಎಂದು ಮಗ ಶಾಲೆಯಲ್ಲಿ ಕಲಿತದ್ದನ್ನು ಬಿಡಿಸಿ ಹೇಳುತ್ತಾನೆ. ಅಪ್ಪಯ್ಯನಿಗೆ ಗುಡ್ಡ ಕುಸಿತ ಹೊಸದಲ್ಲ, ಆಗುಂಬೆ ಘಾಟಿ ಎಷ್ಟು ಮಳೆಗಾಲ ಬಂದ್ ಆಗಿದೆ ಎಂದು ಅವರೂ ಶುರುಮಾಡುತ್ತಾರೆ. ಅಮ್ಮನಿಗೆ ಬೇಕಾದದ್ದು ಬೇರೆ. ಐದು ಗಂಟೆಯ ಬಸ್ಸಿನಲ್ಲಿ ಶೌಚಾಲಯ ಎಲ್ಲಿ? 30ನೇ ಮೈಲಿಯ ಹತ್ತಿರ ಟೆಕ್ಲನಿಕಾದಲ್ಲಿ ನಿಲ್ಲಿಸುತ್ತಾರೆ. ಬಾಗಿಲು ದಾಟಿದ ಮೇಲೆ ಒಳಗೆ ಊಟ ಮಾರುವುದಿಲ್ಲ, ಬುತ್ತಿ ನಾವೇ ಒಯ್ಯಬೇಕು. ಈ ಸುದ್ದಿಗೆ ಅಮ್ಮನಿಗಾದ ಸಂತೋಷ ಡೆನಾಲಿ ಕಂಡರೂ ಆಗಲಿಕ್ಕಿಲ್ಲ.

"ಸಂಜೆ ದೀಪ ಎಷ್ಟು ಹೊತ್ತಿಗೆ ಹಚ್ಚೋದು?"

ಜೂನ್ ಕೊನೆಯಲ್ಲಿ ಡೆನಾಲಿಯಲ್ಲಿ ಸೂರ್ಯ ಮುಳುಗುವುದು ರಾತ್ರಿ 12 ದಾಟಿದ ಮೇಲೆ. ಮೂರು ನಾಲ್ಕು ಗಂಟೆಯೊಳಗೆ ಮತ್ತೆ ಹಾಜರು. ಆ ನಡುವೆಯೂ ಕತ್ತಲಾಗುವುದಿಲ್ಲ. ಅಮ್ಮ ಅಪ್ಪಯ್ಯನ ಮುಖ ನೋಡುತ್ತಾರೆ. ಸಂಧ್ಯಾವಂದನೆಯ ಜವಾಬ್ದಾರಿ ಅವರದು. "ಗಡಿಯಾರ ನೋಡಿ ಮಾಡಿದರಾಯ್ತು. ಆಗುಂಬೆಯಲ್ಲಿ ಆಷಾಢದಲ್ಲಿ ಸೂರ್ಯ ಕಂಡೇ ಮಾಡ್ತೇವಾ?" ಎಂದು ಅವರು ಒಂದೇ ಮಾತಿನಲ್ಲಿ ತೀರ್ಮಾನ ಕೊಡುತ್ತಾರೆ. ಉಂಬಳ ಇದೆಯಾ ಎಂಬುದು ಮುಂದಿನ ವಿಚಾರಣೆ. ಇಲ್ಲ. ಸೊಳ್ಳೆ ಇದೆ, ಬೇಕಾದಷ್ಟು.

ಹಡಗಿನ ಕೋಣೆ ಆರಿಸುವುದಕ್ಕೆ ನಮ್ಮನೆಯವರು ಪರದೆಯ ಮೇಲೆ ಮಹಡಿಗಳ ನಕ್ಷೆ ತೆರೆಯುತ್ತಾರೆ. ನೂರಾರು ಚೌಕಗಳು, ಒಂದೊಂದು ಚೌಕಕ್ಕೂ ಒಂದೊಂದು ಬಣ್ಣ. ಮಗಳು ಗುಲಾಬಿ ಚೌಕ ಬೇಕೆನ್ನುತ್ತಾಳೆ. ನಾನು ಮೊದಲು ನೋಡುವುದು ಆ ಚೌಕದ ತಲೆಯ ಮೇಲೂ ಕಾಲಿನ ಕೆಳಗೂ ಏನಿದೆ ಎಂದು. ಮೇಲೆ ಊಟದ ಸಭಾಂಗಣವಿದ್ದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಸದ್ದು, ಕೆಳಗೆ ನಾಟಕಶಾಲೆಯಿದ್ದರೆ ನಡುರಾತ್ರಿಯ ತನಕ ಡ್ರಮ್ಮು. ಮೇಲೂ ಕೆಳಗೂ ಕೋಣೆಗಳೇ ಇರುವ ಮಹಡಿ ಬೇಕು. ಹಡಗಿನ ಉದ್ದದಲ್ಲಿ ನಡುಭಾಗ ಬೇಕು, ಅಲ್ಲಿ ತೂಗಾಟ ಕಡಿಮೆ. ಲಿಫ್ಟ್ ಹತ್ತಿರವಿರಬೇಕು, ಆದರೆ ಎದುರಿಗಿರಬಾರದು.

ದಿಕ್ಕನ್ನೂ ನೋಡಬೇಕು. ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಹಡಗಿನಲ್ಲಿ ದಡ ಇರುವುದು ಎಡಗಡೆ, ಬಲಗಡೆಯವರಿಗೆ ಬಹುಪಾಲು ತೆರೆದ ನೀರು. ಹಿಮನದಿಗಳ ಮುಂದೆ ಹಡಗನ್ನು ನಿಧಾನಕ್ಕೆ ತಿರುಗಿಸಿ ಎರಡೂ ಮಗ್ಗುಲಿಗೆ ದರ್ಶನ ಕೊಡಿಸುತ್ತಾರೆ, ಅದು ಬೇರೆ ಮಾತು. ಬಾಲ್ಕನಿ ಇರುವ ಕೋಣೆ ಎರಡು ತೆಗೆದರೆ ಖರ್ಚು ತಲೆಗೇರುತ್ತದೆ. ಎಡಗಡೆ ಒಂದು ಬಾಲ್ಕನಿ ಕೋಣೆ ಅಪ್ಪಯ್ಯ, ಅಮ್ಮನಿಗೆ, ಅದರ ಎದುರು ಕಿಟಕಿಯೇ ಇಲ್ಲದ ಒಳಕೋಣೆ ನಮಗೆ ನಾಲ್ವರಿಗೆ. ಮೂರನೆಯವರಿಗೆ, ನಾಲ್ಕನೆಯವರಿಗೆ ದರ ಕಡಿಮೆ. ನಿದ್ದೆ ಮಾಡುವುದು ನಮ್ಮ ಗೂಡಿನಲ್ಲಿ, ಕಡಲು ನೋಡುವುದು ಅವರ ಬಾಲ್ಕನಿಯಲ್ಲಿ. ಬೆಳಗಿನ ಕಾಫಿಗೆ ಆರೂ ಜನ ಅಲ್ಲಿ ನಿಲ್ಲಲು ಜಾಗ ಸಾಲದು ಎಂದು ನಮ್ಮನೆಯವರು ಅಳತೆ ಹೇಳುತ್ತಾರೆ. ಸರದಿಯಲ್ಲಿ ನಿಂತರಾಯಿತು.

"ವಾಂತಿ ಬರ್ತದಾ?" ಎಂದು ಮಗಳು ಕೇಳುತ್ತಾಳೆ. ಮೊದಲ ಒಂದೆರಡು ರಾತ್ರಿ ಬರಬಹುದು. ವಿಟ್ಟಿಯರ್ ಬಿಟ್ಟ ಮೇಲೆ ಅಲಾಸ್ಕಾ ಕೊಲ್ಲಿಯ ತೆರೆದ ಸಮುದ್ರ ದಾಟಬೇಕು, ಅಲ್ಲಿ ಅಲೆಯುಂಟು. ಆಮೇಲೆ ದ್ವೀಪಗಳ ಮರೆಯ ದಾರಿ, ನೀರು ಬಹುಮಟ್ಟಿಗೆ ಶಾಂತ. ಶುಂಠಿ ಮಿಠಾಯಿ ಒಂದು ಪೊಟ್ಟಣ, ಡಾಕ್ಟರು ಹೇಳಿದ ಮಾತ್ರೆ ಒಂದು ಪಟ್ಟಿ ಎಂದು ಅಮ್ಮ ಹಳೆಯ ಲಕೋಟೆಯ ಹಿಂದೆ ಬರೆಯುತ್ತಾರೆ.

ಹಡಗು ಹಡಗಿಗೂ ವ್ಯತ್ಯಾಸ ಮಾಡುವ ಒಂದು ಹೆಸರಿದೆ: ಗ್ಲೇಸಿಯರ್ ಬೇ. ಬೇಸಿಗೆಯಲ್ಲಿ ದಿನಕ್ಕೆ ಎರಡೇ ದೊಡ್ಡ ಪ್ರವಾಸಿ ಹಡಗುಗಳನ್ನು ಅಲ್ಲಿ ಒಳಗೆ ಬಿಡುವುದು. ಅದು ರಾಷ್ಟ್ರೀಯ ಉದ್ಯಾನ, ರೇಂಜರುಗಳು ದೋಣಿಯಲ್ಲಿ ಬಂದು ಹಡಗು ಹತ್ತಿ ದಿನವಿಡೀ ವಿವರಿಸುತ್ತಾರೆ. 1794ರಲ್ಲಿ ಕಪ್ತಾನ ವ್ಯಾಂಕೂವರನ ನಾವಿಕರು ಆ ಕಡೆ ಬಂದಾಗ ಒಳಗೆ ಹೋಗಲು ಕೊಲ್ಲಿಯೇ ಇರಲಿಲ್ಲ, ಬಾಯಿಯಲ್ಲೇ ಹಿಮದ ಗೋಡೆ. 1916ರ ಹೊತ್ತಿಗೆ ಆ ಹಿಮ 60 ಮೈಲಿಗೂ ಹಿಂದೆ ಸರಿದಿತ್ತು. ಪರವಾನಗಿ ಸಿಗದ ಹಡಗುಗಳು ಬೇರೆ ಹಿಮನದಿಗಳಿಗೆ ಒಯ್ಯುತ್ತವೆ. ಅವೂ ಕಡಿಮೆಯವಲ್ಲ, ಹಬ್ಬರ್ಡ್ ಹಿಮನದಿಯ ಉದ್ದವೇ 76 ಮೈಲಿ, ನೀರಿನ ಮುಂದೆ ನಿಂತ ಮುಖ ಆರು ಮೈಲಿ ಅಗಲ. ಆದರೂ ಎರಡು ಹಡಗು ಒಂದೇ ಬೆಲೆಗೆ ಸಿಕ್ಕರೆ ನಾನು ವೇಳಾಪಟ್ಟಿಯಲ್ಲಿ ಗ್ಲೇಸಿಯರ್ ಬೇ ಎಂದು ಬರೆದದ್ದನ್ನೇ ಹಿಡಿಯುತ್ತೇನೆ.

ಮುಂದೆ ಸ್ಕ್ಯಾಗ್ವೆ, ಅಪ್ಪಯ್ಯನ ಎರಡನೇ ರೈಲು. ಕ್ಲಾಂಡೈಕಿನ ಚಿನ್ನದ ಆಸೆಗೆ ಜನ ಮುಗಿಬಿದ್ದಾಗ 1898ರಿಂದ 1900ರೊಳಗೆ ಕಟ್ಟಿದ ಕಿರುಹಳಿ. ಸುಮಾರು 20 ಮೈಲಿಯಲ್ಲಿ ಹತ್ತಿರ ಹತ್ತಿರ 3,000 ಅಡಿ ಏರಿ ವೈಟ್ ಪಾಸ್ ಮುಟ್ಟುತ್ತದೆ. ರೈಲು ಬರುವ ಮೊದಲು ಈ ಕಣಿವೆಗಳನ್ನು ನಡೆದು ದಾಟಿದವರನ್ನು ಕೆನಡಾದ ಪೊಲೀಸರು ತಡೆದು, ವರ್ಷಕ್ಕಾಗುವಷ್ಟು ದಿನಸಿ ಇದ್ದರೆ ಮಾತ್ರ ಬಿಡುತ್ತಿದ್ದರು. ಸಾಮಾನೆಲ್ಲ ಸೇರಿ ತಲಾ ಒಂದು ಟನ್ನಿನ ಲೆಕ್ಕ.

"ನೋಡಿದ್ಯಾ? ನಾನು ಅವಲಕ್ಕಿ ಕಟ್ಟಿದರೆ ನಗ್ತೀರಿ" ಎನ್ನುತ್ತಾರೆ ಅಮ್ಮ.

ಆದರೆ ಹಡಗಿಗೆ ಕುಕ್ಕರ್ ಒಯ್ಯುವಂತಿಲ್ಲ. ಕಾಯುವ ತಂತಿ ಇರುವ ಯಾವ ಸಾಮಾನನ್ನೂ, ನೀರು ಕಾಯಿಸುವ ಕೆಟಲನ್ನೂ, ಬೆಂಕಿಯ ಭಯಕ್ಕೆ ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಹಾಗಾಗಿ ಹೀಲಿಯಲ್ಲಿ ದುಡಿದ ಕುಕ್ಕರ್ ಆಂಕರೇಜಿನಿಂದಲೇ ಫ್ರೀಮಾಂಟಿಗೆ ಪಾರ್ಸೆಲ್ಲಾಗಿ ಹಿಂದಿರುಗಬೇಕು. ಹಡಗಿನಲ್ಲಿ ಸಸ್ಯಾಹಾರಕ್ಕೆ ತೊಂದರೆಯಿಲ್ಲ, ಒಂದು ಕ್ರಮವಿದೆ. ದೊಡ್ಡ ಊಟದ ಮನೆಯಲ್ಲಿ ದಿನವೂ ಒಂದೇ ಮೇಜು ಹಿಡಿದು, ನಾಳೆ ರಾತ್ರಿಗೆ ನಮ್ಮ ಕಡೆಯ ಸಸ್ಯಾಹಾರ ಬೇಕೆಂದು ಇವತ್ತೇ ಮುಖ್ಯ ಬಡಿಸುವವರಿಗೆ ಹೇಳಬೇಕು. ಬೆಳ್ಳುಳ್ಳಿ ಬೇಡವೆಂದರೆ ಅದನ್ನೂ. ಗೋವಾ, ಮುಂಬಯಿ, ಮಂಗಳೂರು ಕಡೆಯ ಹುಡುಗರು ಹಡಗಿನ ಅಡುಗೆಮನೆಯಲ್ಲಿರುವುದು ಅಪರೂಪವಲ್ಲ. ಅಮ್ಮ ಅವರಲ್ಲಿ ಒಬ್ಬನ ಊರು ಕೇಳಿ ಹಿಡಿದರೆ ಮೂರನೇ ದಿನಕ್ಕೆ ಸಾರು ಬಂದೀತು. ನನಗೆ ಅದರಲ್ಲಿ ಅನುಮಾನವೇ ಇಲ್ಲ.

ಜೂನೋದಲ್ಲಿ 13 ಮೈಲಿ ಉದ್ದದ ಮೆಂಡನ್‌ಹಾಲ್ ಹಿಮನದಿ ಕಾಣುವ ಜಾಗದವರೆಗೆ ಬಸ್ಸೇ ಹೋಗುತ್ತದೆ, ನಡೆಯುವುದು ಕಡಿಮೆ. ಬಂದರುಗಳಲ್ಲಿ ಹೊರಗಿನವರ ಪ್ರವಾಸ ಹಡಗಿನವರದಕ್ಕಿಂತ ಅಗ್ಗ. ಅವರೊಂದಿಗೆ ಹೋಗಿ ತಡವಾದರೆ ಹಡಗು ಕಾಯುವುದಿಲ್ಲ, ಹಡಗಿನವರದೇ ಆದರೆ ಕಾಯುತ್ತದೆ. ಸ್ಕ್ಯಾಗ್ವೆಯ ರೈಲಿಗೆ ಹಡಗಿನವರದು, ಉಳಿದ ಕಡೆ ಹೊರಗಿನದು ಎಂದು ಹಾಳೆಗೆ ಸೇರುತ್ತದೆ. ಕೊನೆಯ ಊರು ಕೆಚಿಕನ್. ವರ್ಷಕ್ಕೆ ಸುಮಾರು 150 ಇಂಚು ಮಳೆ ಎಂದು ಮಗ ಓದಿದ್ದೇ ತಡ, ಅಪ್ಪಯ್ಯ ಕುರ್ಚಿ ಮುಂದೆಳೆದುಕೊಳ್ಳುತ್ತಾರೆ. ಮನೆಯಂಗಳದ ಮಳೆಮಾಪಕದಲ್ಲಿ ದಿನವೂ ಬೆಳಿಗ್ಗೆ ನೀರಳೆದು ಡೈರಿಯಲ್ಲಿ ಬರೆಯುವ ಮನುಷ್ಯ.

"ಆಗುಂಬೆಯ ಅರ್ಧ ಅಷ್ಟೇ. ಅದಕ್ಕೆ ಜನ ದುಡ್ಡು ಕೊಟ್ಟು ಹೋಗ್ತಾರಾ?" ಊರಿನ ದಕ್ಕೆಯ ಹತ್ತಿರ ಬಿದ್ದ ಮಳೆಯನ್ನು ತೋರಿಸುವ ದೊಡ್ಡ ಮಾಪಕದ ಹಲಗೆಯೇ ನಿಂತಿದೆ ಎಂದು ತಿಳಿದ ಮೇಲೆ ಅವರಿಗೆ ಕೆಚಿಕನ್ ಮೇಲೆ ಗೌರವ ಹುಟ್ಟುತ್ತದೆ. ಹಿಮನದಿ, ಕರಡಿ ಎಲ್ಲ ಆಮೇಲೆ, ಆ ಹಲಗೆಯ ಮುಂದೆ ತನ್ನದೊಂದು ಫೋಟೋ ಬೇಕು.

ಉಳಿದದ್ದು ದುಡ್ಡು. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಕಾಣುವ ದರ ಒಂದು ಕೋಣೆಯಲ್ಲಿ ಇಬ್ಬರಿದ್ದರೆ ಒಬ್ಬರಿಗೆ ಆಗುವುದು. ಅದರ ಮೇಲೆ ಬಂದರು ಶುಲ್ಕ, ತೆರಿಗೆ, ತಲೆಗೆ ದಿನಕ್ಕೆ ಇಷ್ಟೆಂದು ಸಿಬ್ಬಂದಿಯ ಟಿಪ್ಸು, ಇಂಟರ್ನೆಟ್ಟು. ಅಪ್ಪಯ್ಯ, ಅಮ್ಮ ಊರಿನಿಂದ ಬರುವಾಗ ತೆಗೆದ ಆರೋಗ್ಯ ವಿಮೆ ಅಮೆರಿಕದ ನೆಲಕ್ಕೆ. ಹಡಗಿನ ಆಸ್ಪತ್ರೆಗೆ, ಅಲ್ಲಿಂದ ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋಗುವ ಖರ್ಚಿಗೆ ಅದು ಒದಗುತ್ತದೆಯೇ ಎಂದು ಪಾಲಿಸಿಯ ಸಣ್ಣಕ್ಷರ ಓದದೆ ನಂಬುವಂತಿಲ್ಲ. ನಮ್ಮನೆಯವರು ಓದುತ್ತಾರೆ. ಒದಗುವುದಿಲ್ಲ. ಹಾಳೆಯಲ್ಲಿ ಇನ್ನೊಂದು ಸಾಲು ಸೇರುತ್ತದೆ.

ಜುಲೈ ಮೊದಲ ವಾರದ ಹಡಗು. ಹೊರಡುವ ದಿನಕ್ಕೆ 90 ದಿನ ಇರುವಾಗಲೇ ಪೂರ್ತಿ ಹಣ ಕಟ್ಟಬೇಕು, ಅಂದರೆ ಇನ್ನೊಂದು ವಾರ. ಅಷ್ಟರಲ್ಲಿ ಕೆನಡಾ ವೀಸಾ ಬರುವುದಿಲ್ಲ.

"ಮುಂದಿನ ವರ್ಷ ಹೋಗೋಣ ಮಾವ" ಎನ್ನುತ್ತಾರೆ ನಮ್ಮನೆಯವರು.

"ಮುಂದಿನ ವರ್ಷ ನನ್ನ ಮಂಡಿಯನ್ನ ಯಾರು ಕೇಳ್ತಾರೆ?" ಉತ್ತರ ಕೊಡುವುದು ಅಮ್ಮ. ಸರಿ ಇದ್ದ ಮಂಡಿ ಒಂದು ಗಂಟೆಯಲ್ಲಿ ಕೆಟ್ಟಿದೆ.

ಹಡಗಿನ ಕಂಪನಿಯದೇ ಒಂದು ರಕ್ಷಣಾ ಯೋಜನೆ ಇದೆ. ಯಾವ ಕಾರಣಕ್ಕೆ ಬಿಟ್ಟರೂ ಕಟ್ಟಿದ್ದರಲ್ಲಿ ಹೆಚ್ಚಿನ ಪಾಲು ಮುಂದೊಂದು ಪ್ರವಾಸಕ್ಕೆ ಜಮೆಯಾಗುತ್ತದೆ. ಅದನ್ನು ಸೇರಿಸಿ ಕಟ್ಟುವುದೆಂದು ಒಪ್ಪಿಗೆಯಾಗುತ್ತದೆ. ವೀಸಾ ಅರ್ಜಿ ಇವತ್ತು ರಾತ್ರಿಯೇ ಹೋಗಬೇಕು. ತಲಾ 100 ಕೆನಡಾ ಡಾಲರ್ ಅರ್ಜಿಗೆ, 85 ಬೆರಳಚ್ಚಿಗೆ. ಅಪ್ಪಯ್ಯ ತಮ್ಮ ಹೆಬ್ಬೆರಳು ದೀಪಕ್ಕೆ ಹಿಡಿದು ನೋಡಿಕೊಳ್ಳುತ್ತಾರೆ. ಆಧಾರ್ ಯಂತ್ರಕ್ಕೇ ಸಿಗದೆ ಸತಾಯಿಸಿದ ಬೆರಳು ಅದು.

ಅರ್ಜಿಯ ಜೊತೆಗಿನ ಕುಟುಂಬದ ವಿವರದ ಹಾಳೆಯಲ್ಲಿ ಒಡಹುಟ್ಟಿದವರೆಲ್ಲರ ಹೆಸರು, ಹುಟ್ಟಿದ ತಾರೀಕು ಕೇಳುತ್ತಾರೆ. ಅಪ್ಪಯ್ಯನ ಮನೆಯಲ್ಲಿ ಏಳು ಜನ.

"ದೊಡ್ಡಕ್ಕನ ತಾರೀಕು?" ಮಗ ಟೈಪ್ ಮಾಡಲು ಕೂತಿದ್ದಾನೆ.

"ಜೂನ್ 1."

"ಎರಡನೇ ಅತ್ತೆಜ್ಜಿ?"

"ಅವಳದ್ದೂ ಜೂನ್ 1."

"ಅಜ್ಜಯ್ಯ, ಎಲ್ಲರೂ ಜೂನ್ ಒಂದಾ? ಟ್ವಿನ್ಸಾ?"

"ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು ಮಾರಾಯ. ಅದೇ ಪಾಸ್‌ಪೋರ್ಟಲ್ಲೂ ಇರ್ತದೆ." ಶಾಲೆಗೇ ಹೋಗದ ಇಬ್ಬರದು ಏನು ಮಾಡುವುದು? ಊರಲ್ಲಿ ಈಗ ಭಾನುವಾರ ಬೆಳಿಗ್ಗೆ ಹತ್ತೂವರೆ. ಅಪ್ಪಯ್ಯ ವಾಟ್ಸಾಪಿನಲ್ಲಿ ಚಿಕ್ಕಪ್ಪನಿಗೆ ಕರೆ ಹಚ್ಚಿ, ಅಟ್ಟದ ಪೆಟ್ಟಿಗೆಯಿಂದ ಜಾತಕದ ಕಟ್ಟು ಇಳಿಸಲು ಹೇಳುತ್ತಾರೆ. ಚಿಕ್ಕಪ್ಪ ಏಣಿ ಹುಡುಕಲು ಹೋದ ಸದ್ದು. ಹಿಂದೆ ನಾಯಿ ಬೊಗಳುತ್ತದೆ.

"ಏಣಿ ಸಿಕ್ತಾ? ಮತ್ತೆ, ಬೋರ್ಡೋಗೆ ಮೈಲುತುತ್ತ ತಂದು ಇಟ್ಟಿದ್ದೀಯಾ? ಆಮೇಲೆ ರೇಟು ಏರ್ತದೆ ನೋಡು!" ಎಂದು ಅಪ್ಪಯ್ಯ ಕೂಗುತ್ತಾರೆ. ಮಗ ಎರಡೂ ಕೈ ಕೀಲಿಮಣೆಯ ಮೇಲಿಟ್ಟುಕೊಂಡು, ಮೈಲುತುತ್ತ ಯಾವ ಖಾನೆಗೆ ಬರುತ್ತದೆ ಎಂದು ನನ್ನನ್ನು ಕೇಳುತ್ತಾನೆ.